ಕೂಸಿನ ಬಟ್ಟಲು

ಹಸಿವು ಎಲ್ಲರಿಗೂ ಒಂದೇ. ಆದರೆ ಅದನ್ನು ಹೇಳಿಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ. ದೊಡ್ಡವರು ಕೇಳಿ ಉಣ್ಣುತ್ತಾರೆ. ಶಾಲೆಗೆ ಹೋಗುವ ಮಕ್ಕಳು ಕಾಡಿ ಉಣ್ಣುತ್ತಾರೆ. ಮಾತು ಬಾರದ ಕೂಸಿಗೆ ಇರುವುದು ಅಳು ಒಂದೇ. ಆ ಅಳುವಿನ ಅರ್ಥವನ್ನು ತಿಳಿದು, ಅದರ ಬಟ್ಟಲಿಗೆ ಏನನ್ನು, ಎಷ್ಟನ್ನು, ಯಾವ ಹದದಲ್ಲಿ ಹಾಕಬೇಕೆಂದು ನಿರ್ಧರಿಸುವ ಹೊಣೆ ಮನೆಯವರದು. ಈ ವಿದ್ಯೆಯನ್ನು ನಾನು ಕಲಿತುದು ಕಾಲೇಜಿನಲ್ಲಲ್ಲ. ಬ್ಯಾಡಗಿ ತಾಲ್ಲೂಕಿನ ಹಳ್ಳಿಯೊಂದರ ಪಡಸಾಲೆಯಲ್ಲಿ, ನನ್ನ ವಿದ್ಯಾರ್ಥಿನಿಯೊಬ್ಬಳ ಎದುರಿನಲ್ಲಿ ಕುಳಿತು.

ಅದು 1994ನೆಯ ಇಸವಿಯ ಫೆಬ್ರವರಿ ತಿಂಗಳು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಆಗ ಧಾರವಾಡ ಜಿಲ್ಲೆಗೆ ಸೇರಿದ್ದುವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಬರುವ ಕಾಲವದು. ಚೀಲ ಚೀಲವಾಗಿ ಬಂದು ಬೀಳುವ ಕೆಂಪು ಕಾಯಿಯ ತೊಟ್ಟು ಬಿಡಿಸಲು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ನಸುಕಿನಲ್ಲೇ ಹೊರಡುತ್ತಿದ್ದರು. ನನ್ನ ಒಂಬತ್ತನೆಯ ತರಗತಿಯಲ್ಲಿ ಹುಡುಗಿಯೊಬ್ಬಳು ಎರಡು ವಾರಗಳಿಂದ ಶಾಲೆಗೆ ಬಂದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನವೂ ಗೈರುಹಾಜರಿಯ ಗುರುತು ಹಾಕುತ್ತಿದ್ದೆ. ಓದಿನಲ್ಲಿ ಮುಂದಿದ್ದ ಹುಡುಗಿ ಪರೀಕ್ಷೆಯ ಹೊತ್ತಿಗೆ ಸೋಮಾರಿಯಾದಳೆಂದು ತರಗತಿಯಲ್ಲಿ ಎಲ್ಲರೆದುರು ಟೀಕಿಸಿಯೂ ಇದ್ದೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ, ಬುದ್ಧಿ ಹೇಳಿ ಬರೋಣವೆಂದು ಅವಳ ಮನೆಗೆ ಹೋದೆ.

ಪಡಸಾಲೆಯಲ್ಲಿ ಹುಡುಗಿ ಎಂಟು ತಿಂಗಳ ತಮ್ಮನನ್ನು ಮಡಿಲಲ್ಲಿಟ್ಟುಕೊಂಡು ಸೀಸೆಯಿಂದ ಗಂಜಿ ಕುಡಿಸುತ್ತಿದ್ದಳು. ಮೂಲೆಯಲ್ಲಿ ಕಣ್ಣು ಮಂದವಾದ ಅಜ್ಜಿ ಕುಳಿತಿದ್ದಳು. ನನ್ನನ್ನು ಕಂಡು ಹುಡುಗಿ ತಟ್ಟನೆ ಎದ್ದು ನಿಂತಳು.

"ಅಕ್ಕೋರ, ಅವ್ವ ಬ್ಯಾಡಗಿಗೆ ಕೆಲಸಕ್ಕ ಹೋಗ್ಯಾಳ್ರಿ. ತಮ್ಮನ್ನ ಹಿಡಿಯಾಕ ಯಾರೂ ಇಲ್ರಿ" ಎಂದಳು. ನಾನು ಏನನ್ನೂ ಕೇಳಿರಲಿಲ್ಲ. ಆದರೂ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಮುಂದುವರಿಸಿದಳು: "ಹೊಟ್ಟಿ ತುಂಬಾ ಕುಡೀತೈತ್ರಿ. ಆದ್ರೂ ಕೂಸು ಮೈ ಹಿಡಿಯವಲ್ದು. ಯಾಕಂತ ತಿಳಿಯವಲ್ದ್ರಿ."

ಬುದ್ಧಿ ಹೇಳಲು ಹೋದವಳ ಬಾಯಿ ಕಟ್ಟಿತು. ಆ ಪ್ರಶ್ನೆಗೆ ಎಂ.ಎ. ಪದವಿ ಪಡೆದ ನನ್ನಲ್ಲಿ ಉತ್ತರವಿರಲಿಲ್ಲ. ಹೊಟ್ಟೆ ತುಂಬಿದರೂ ಹಸಿವು ಉಳಿಯುವುದು ಹೇಗೆ? ಈ ಪಾಠವೆಲ್ಲ ಆ ಹುಡುಗಿಯ ಪ್ರಶ್ನೆಗೆ ಉತ್ತರವೇ.

ಹುಟ್ಟಿದ ಕೂಸಿಗೆ ತಾಯಿಯ ಹಾಲಿಗಿಂತ ಮಿಗಿಲಾದ ಆಹಾರವಿಲ್ಲ. ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲೊಂದೇ ಸಾಕು, ನೀರು ಕೂಡ ಬೇಡ ಎಂಬುದು ವೈದ್ಯಶಾಸ್ತ್ರದ ಮತ. ವಿಶ್ವ ಆರೋಗ್ಯ ಸಭೆ 2001ರಲ್ಲಿ ಇದನ್ನೇ ಎಲ್ಲ ರಾಷ್ಟ್ರಗಳಿಗೆ ಶಿಫಾರಸು ಮಾಡಿತು. ಆರು ತಿಂಗಳು ತುಂಬಿದ ಮೇಲೆ ಹಾಲು ಒಂದೇ ಸಾಲದು. ಹುಟ್ಟುವಾಗ ಕೂಸು ತನ್ನೊಡನೆ ತಂದ ಕಬ್ಬಿಣದ ಸಂಗ್ರಹ ಆ ವೇಳೆಗೆ ಕರಗುತ್ತ ಬರುತ್ತದೆ. ಬೆಳವಣಿಗೆಯ ಬೇಡಿಕೆ ಏರುತ್ತದೆ. ಆದುದರಿಂದ ಎರಡು ವರ್ಷದವರೆಗೆ ಅಥವಾ ಅದಕ್ಕೂ ಹೆಚ್ಚು ಕಾಲ ತಾಯಿಯ ಹಾಲನ್ನು ಮುಂದುವರಿಸುತ್ತಲೇ, ಅದರ ಜೊತೆಗೆ ಮೆತ್ತನೆಯ ಆಹಾರವನ್ನು ಆರಂಭಿಸಬೇಕು. ಇದಕ್ಕೆ ಪೂರಕ ಆಹಾರವೆಂದು ಹೆಸರು.

ನಮ್ಮ ಹಿರಿಯರಿಗೂ ಈ ಕಾಲದ ಅರಿವಿತ್ತು. ಅನ್ನಪ್ರಾಶನವೆಂಬ ಸಂಸ್ಕಾರವನ್ನು ಆರನೆಯ ತಿಂಗಳಲ್ಲಿ ಮಾಡಬೇಕೆಂದು ಆಶ್ವಲಾಯನ ಗೃಹ್ಯಸೂತ್ರ ವಿಧಿಸುತ್ತದೆ. ಮೊಸರು, ಜೇನು, ತುಪ್ಪಗಳನ್ನು ಬೆರೆಸಿದ ಅನ್ನವನ್ನು ಉಣಿಸಬೇಕೆಂದೂ ಅದರಲ್ಲಿದೆ. ಇವುಗಳಲ್ಲಿ ಜೇನನ್ನು ಮಾತ್ರ ಇಂದಿನ ವೈದ್ಯರು ಒಪ್ಪುವುದಿಲ್ಲ. ಜೇನಿನಲ್ಲಿ ಕೆಲವೊಮ್ಮೆ ಅಡಗಿರುವ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಗಳು ವರ್ಷ ತುಂಬದ ಕೂಸಿನ ಕರುಳಿನಲ್ಲಿ ಬೆಳೆದು, ನರಗಳನ್ನು ಕುಗ್ಗಿಸುವ ವಿಷವನ್ನು ಉಂಟುಮಾಡಬಲ್ಲವು. ಹಿರಿಯರ ಮಾತಿನಲ್ಲಿ ತಿಂಗಳ ಲೆಕ್ಕವನ್ನು ಉಳಿಸಿಕೊಳ್ಳೋಣ, ಜೇನನ್ನು ಬಿಡೋಣ. ಪರಂಪರೆಯನ್ನು ಗೌರವಿಸುವುದೆಂದರೆ ಅದನ್ನು ಪರೀಕ್ಷಿಸಿ ಸ್ವೀಕರಿಸುವುದೇ ಹೊರತು ಕಣ್ಣು ಮುಚ್ಚಿ ಹೊತ್ತು ನಡೆಯುವುದಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಕೂಸಿನ ಜಠರ ಬಹು ಚಿಕ್ಕದು. ಅದರ ಮೈತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 30 ಗ್ರಾಂ ಆಹಾರವನ್ನು ಮಾತ್ರ ಅದು ಹಿಡಿಯಬಲ್ಲದು. ಸಾಮಾನ್ಯವಾಗಿ ತಾಯಿಯ ಹಾಲು ಕುಡಿಯುವ ಆರರಿಂದ ಎಂಟು ತಿಂಗಳ ಕೂಸಿಗೆ, ಹಾಲಿನಿಂದ ದೊರೆಯುವುದನ್ನು ಬಿಟ್ಟು, ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಶಕ್ತಿ ಬೇರೆ ಆಹಾರದಿಂದ ಬರಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅದು 300ಕ್ಕೆ ಏರುತ್ತದೆ. ವರ್ಷ ತುಂಬಿದ ಮೇಲೆ 550 ಬೇಕು. ಧಾನ್ಯದ ಹಿಟ್ಟು ಒಂದು ಗ್ರಾಂಗೆ ಸುಮಾರು ಮೂರೂವರೆ ಕಿಲೋಕ್ಯಾಲರಿ ಕೊಡುತ್ತದೆ. ಅರ್ಧ ಬಟ್ಟಲು, ಎಂದರೆ 125 ಮಿಲಿಲೀಟರ್, ತೆಳು ಗಂಜಿಯಲ್ಲಿ ಹಿಟ್ಟು ಇರುವುದು ಹೆಚ್ಚೆಂದರೆ 6 ಗ್ರಾಂ. ಅದರಿಂದ ಬರುವುದು 21 ಕಿಲೋಕ್ಯಾಲರಿ. ಮೂರು ಸಲ ಕೊಟ್ಟರೆ 63. ಉಳಿದುದೆಲ್ಲ ನೀರು. ಅದೇ ಅರ್ಧ ಬಟ್ಟಲಿನಲ್ಲಿ 20 ಗ್ರಾಂ ಹಿಟ್ಟು ಇದ್ದರೆ 70 ಕಿಲೋಕ್ಯಾಲರಿ ಆಯಿತು. ಮೂರು ಸಲಕ್ಕೆ 210. ಬಟ್ಟಲು ಅದೇ, ಹೊಟ್ಟೆಯೂ ಅದೇ. ಒಂದರಲ್ಲಿ ಕೂಸು ಬೆಳೆಯುತ್ತದೆ, ಇನ್ನೊಂದರಲ್ಲಿ ಸೊರಗುತ್ತದೆ. ನಮ್ಮ ಹುಡುಗಿಯ ತಮ್ಮನ ಹೊಟ್ಟೆ ತುಂಬುತ್ತಿದ್ದುದು ನೀರಿನಿಂದ.

ಹಾಗಾದರೆ ಗಂಜಿಯನ್ನು ಗಟ್ಟಿ ಮಾಡಿದರಾಯಿತಲ್ಲ ಎನ್ನಬಹುದು. ಅಲ್ಲಿಯೇ ತೊಡಕು ಇರುವುದು. ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ಬೇಯುವಾಗ ನೀರನ್ನು ಕುಡಿದು ಉಬ್ಬುತ್ತವೆ. ಹಿಟ್ಟು ಹೆಚ್ಚಾದಂತೆ ಗಂಜಿ ಮುದ್ದೆಯಾಗುತ್ತದೆ. ಹಲ್ಲು ಬಾರದ ಕೂಸು ಅದನ್ನು ನುಂಗಲಾರದು. "ಗಟ್ಟಿ ಕೊಟ್ರ ಕೂಸಿನ ಗಂಟಲಕ್ಕ ಹತ್ತತೈತ್ರಿ" ಎಂದು ಆ ದಿನ ಅಜ್ಜಿ ಹೇಳಿದ ಮಾತು ಅವಿವೇಕದ್ದಾಗಿರಲಿಲ್ಲ. ತೆಳುವಾದರೆ ಸತ್ವವಿಲ್ಲ, ಗಟ್ಟಿಯಾದರೆ ಗಂಟಲಿಗಿಳಿಯದು. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ನನಗೆ ದೊರೆತುದು ರಾಣೆಬೆನ್ನೂರಿನಲ್ಲಿದ್ದ ನನ್ನ ತಾಯಿಯಿಂದ.

ರಾಣೆಬೆನ್ನೂರು ಬೀಜಗಳ ಊರು. ಅದರ ಸುತ್ತಲಿನ ಹೊಲಗಳಲ್ಲಿ ಹೆಣ್ಣುಮಕ್ಕಳು ತರಕಾರಿ ಗಿಡಗಳ ಹೂವುಗಳಿಗೆ ಕೈಯಿಂದಲೇ ಪರಾಗವನ್ನು ಮುಟ್ಟಿಸಿ ಸಂಕರಣ ಬೀಜಗಳನ್ನು ಬೆಳೆಯುತ್ತಾರೆ. ಆ ಸೀಮೆಯಲ್ಲಿ ಬಾಳಿದ ನನ್ನ ತಾಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬೀಜದ ಗುಣವನ್ನು ಬಲ್ಲವಳು. ನಾನು ಸಂಗತಿಯನ್ನು ತಿಳಿಸಿದಾಗ, "ರಾಗಿ ಮೊಳಕಿ ಬರಿಸಿ ಹಿಟ್ಟು ಮಾಡಿಕೊಡವ್ವಾ. ನಿನಗೂ ಅದನ್ನ ಉಣಿಸಿ ಬೆಳಸೀನಿ" ಎಂದಳು.

ಆ ಹಿಟ್ಟನ್ನು ಮಾಡುವ ಕ್ರಮ ಹೀಗೆ. ಕಲ್ಲು, ಕಸ ಆಯ್ದು ಹಸನು ಮಾಡಿದ ರಾಗಿಯನ್ನು ತೊಳೆದು ಒಂದು ರಾತ್ರಿ ನೀರಿನಲ್ಲಿ ನೆನೆಯಿಡಬೇಕು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು. ಒಂದೆರಡು ದಿನಗಳಲ್ಲಿ ಬಿಳಿಯ ಮೊಳಕೆ ಕಾಣಿಸಿಕೊಳ್ಳುತ್ತದೆ. ಆಗ ಬಿಸಿಲಿನಲ್ಲಿ ಹರಡಿ ಚೆನ್ನಾಗಿ ಒಣಗಿಸಿ, ಅಂಗೈಯಿಂದ ಉಜ್ಜಿ ಮೊಳಕೆಯ ಎಳೆಗಳನ್ನು ತೆಗೆದು, ಪರಿಮಳ ಬರುವಷ್ಟು ಮಾತ್ರ ಹದವಾದ ಉರಿಯಲ್ಲಿ ಬೆಚ್ಚಗೆ ಮಾಡಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಬೇಕು. ಹೆಸರುಕಾಳನ್ನೂ ಇದೇ ರೀತಿ ಮೊಳಕೆ ಬರಿಸಿ, ಒಣಗಿಸಿ, ಸಿಪ್ಪೆ ತೆಗೆದು ಬೀಸಿಕೊಳ್ಳಬೇಕು. ಏಳು ಪಾಲು ರಾಗಿಗೆ ಮೂರು ಪಾಲು ಹೆಸರು ಬೆರೆಸಿದರೆ ಹಿಟ್ಟು ಸಿದ್ಧ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಣ ಚಮಚದಿಂದಲೇ ತೆಗೆಯಬೇಕು. ಬೇಕಾದಾಗ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಿ ಇಳಿಸಬೇಕು.

ಮರುವಾರ ಆ ಹಿಟ್ಟನ್ನು ಕೊಂಡೊಯ್ದೆ. ಅಜ್ಜಿಯ ಸಂಶಯ ತೀರಲೆಂದು ಮೊದಲು ಸಾಮಾನ್ಯ ಹಿಟ್ಟಿನಿಂದ ಗಟ್ಟಿ ಗಂಜಿ ಮಾಡಿಸಿದೆ. ಅದು ಚಮಚ ನಿಲ್ಲುವಂತಿತ್ತು. ಸ್ವಲ್ಪ ಆರಿದ ಮೇಲೆ, ಬೆಚ್ಚಗಿರುವಾಗಲೇ ಒಂದು ಚಮಚ ಮೊಳಕೆಯ ಹಿಟ್ಟನ್ನು ಬೆರೆಸಿ ತಿರುವಿದೆವು. ನೋಡುತ್ತಿದ್ದಂತೆಯೇ ಮುದ್ದೆ ಸಡಿಲಾಗಿ, ಹರಿಯುವಂತಾಯಿತು. ನೀರು ಹಾಕಿರಲಿಲ್ಲ, ಹಿಟ್ಟು ಕಡಿಮೆಯಾಗಿರಲಿಲ್ಲ. ಅಜ್ಜಿ ಬೆರಳಿನಿಂದ ಮುಟ್ಟಿ ನೋಡಿ ಬೆರಗಾದಳು. ನಾನೂ ಅಷ್ಟೇ ಬೆರಗಾಗಿದ್ದೆ. ಅದನ್ನು ಮತ್ತೊಮ್ಮೆ ಕುದಿಸಿ, ಆರಿಸಿ ಕೂಸಿಗೆ ಉಣಿಸಿದೆವು.

ಇದರ ಕಾರಣ ನನಗೆ ತಿಳಿದುದು ಅನಂತರ. ಬೀಜದೊಳಗಿನ ಪಿಷ್ಟ ಮುಂದಿನ ಸಸಿಯ ಬುತ್ತಿ. ನೀರು ತಾಗಿ ಎಚ್ಚತ್ತ ಬೀಜ ಅಮೈಲೇಸ್ ಎಂಬ ಕಿಣ್ವವನ್ನು ಉತ್ಪತ್ತಿಮಾಡಿ, ಪಿಷ್ಟದ ಉದ್ದವಾದ ಸರಪಳಿಗಳನ್ನು ಚಿಕ್ಕ ತುಂಡುಗಳಾಗಿ ಕತ್ತರಿಸತೊಡಗುತ್ತದೆ. ಎಳೆಯ ಮೊಳಕೆ ಅದನ್ನು ಉಂಡು ಬೆಳೆಯುತ್ತದೆ. ತುಂಡಾದ ಪಿಷ್ಟ ನೀರನ್ನು ಹಿಡಿದು ಉಬ್ಬಲಾರದು. ಆದುದರಿಂದ ಗಂಜಿ ಸತ್ವವನ್ನು ಕಳೆದುಕೊಳ್ಳದೆ ತೆಳುವಾಗುತ್ತದೆ. ಬೀಜವು ತನ್ನ ಕೂಸಿಗೆಂದು ಮಾಡಿಕೊಂಡ ಅಡುಗೆಯನ್ನು ನಾವು ನಮ್ಮ ಕೂಸಿಗೆ ಕಡ ತರುತ್ತೇವೆ. ಅತಿಯಾಗಿ ಹುರಿದರೆ ಈ ಕಿಣ್ವ ನಾಶವಾಗುತ್ತದೆ. ಹದ ತಪ್ಪಬಾರದೆಂಬ ಹೆಂಗಸರ ಎಚ್ಚರಿಕೆಗೆ ಅರ್ಥವಿರುವುದು ಇಲ್ಲಿಯೇ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಸಿಕಾಚಾರ್ ಅವರು ಮೊಳಕೆಯ ರಾಗಿ, ಹೆಸರುಗಳಿಂದ ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಬರೋಡಾದಲ್ಲಿ ತಾರಾ ಗೋಪಾಲದಾಸ್ ಅವರೂ ಇದೇ ಕಾಲದಲ್ಲಿ ಮೊಳಕೆ ಹಿಟ್ಟಿನ ಪ್ರಯೋಗಗಳನ್ನು ನಡೆಸಿದರು. ಅಡುಗೆಮನೆಯ ಅನುಭವಕ್ಕೆ ಪ್ರಯೋಗಶಾಲೆ ಕಾರಣವನ್ನು ಕೊಟ್ಟಿತು.

ನಮ್ಮ ಭಾಗದ ಮುಖ್ಯ ಧಾನ್ಯ ಜೋಳ. ಜೋಳಕ್ಕೆ ಬದಲು ರಾಗಿ ಏಕೆ ಎಂದು ನೀವು ಕೇಳಬಹುದು. ಎಳೆಯ ಜೋಳದ ಪೈರನ್ನು ಮೇಯ್ದ ದನ ಸಾಯುವುದುಂಟೆಂದು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಆ ವಿಷದ ಅಂಶ ಜೋಳದ ಮೊಳಕೆಯಲ್ಲಿಯೂ ಉಂಟಾಗುತ್ತದೆ. ರಾಗಿಗೆ ಆ ದೋಷವಿಲ್ಲ. ಅಲ್ಲದೆ ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಎಲುಬು, ಹಲ್ಲುಗಳು ಬೆಳೆಯಲು ಅದು ಬೇಕು. ಧಾನ್ಯದಲ್ಲಿ ಕಡಿಮೆಯಾದ ಲೈಸಿನ್ ಎಂಬ ಪ್ರೋಟೀನಿನ ಘಟಕವನ್ನು ಹೆಸರುಕಾಳು ತುಂಬಿಕೊಡುತ್ತದೆ. ಆದರೆ ರಾಗಿಯೊಂದೇ ಸರ್ವಸ್ವವಲ್ಲ. ಬೇಯಿಸಿ ನುರಿದ ನುಗ್ಗೆ, ರಾಜಗಿರಿ ಸೊಪ್ಪು, ಗಜ್ಜರಿ, ಕುಂಬಳ, ಬಾಳೆಹಣ್ಣು, ಮೆತ್ತನೆಯ ಅನ್ನ-ಬೇಳೆ, ತಿನ್ನುವ ಪದ್ಧತಿಯಿರುವ ಮನೆಗಳಲ್ಲಿ ಚೆನ್ನಾಗಿ ಬೆಂದ ತತ್ತಿ, ಇವೆಲ್ಲ ಸರದಿಯಂತೆ ಬಟ್ಟಲಿಗೆ ಬರಬೇಕು. ಸೊಪ್ಪಿನೊಡನೆ ನಾಲ್ಕು ಹನಿ ನಿಂಬೆರಸ ಸೇರಿದರೆ ಅದರಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಸುಲಭ.

ಇನ್ನು ರುಚಿಯ ಮಾತು. ಸಿಹಿಯಿಲ್ಲದ ಗಂಜಿಯನ್ನು ಕೂಸು ಹೇಗೆ ಉಣ್ಣೀತು ಎಂಬುದು ಅನೇಕರ ಚಿಂತೆ. ದೊಡ್ಡವರು ತಮ್ಮ ನಾಲಿಗೆಯನ್ನು ಕೂಸಿನ ಬಾಯಲ್ಲಿಟ್ಟು ನೋಡುವುದರಿಂದ ಹುಟ್ಟಿದ ಚಿಂತೆಯಿದು. ಕೂಸಿಗೆ ವರ್ಷ ತುಂಬುವವರೆಗೆ ಉಪ್ಪು ಹಾಕುವುದು ಬೇಡ, ಎರಡು ವರ್ಷದವರೆಗೆ ಸಕ್ಕರೆ ಬೆರೆಸುವುದು ಬೇಡ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಬೆಲ್ಲಕ್ಕೂ ಇದೇ ಮಾತು ಸಲ್ಲುತ್ತದೆ. ಆದರೆ ಪರಿಮಳಕ್ಕೆ ಅಡ್ಡಿಯಿಲ್ಲ. ಹಾವೇರಿ ಏಲಕ್ಕಿಯ ಕಂಪಿನ ಊರು; ಮಲೆನಾಡಿನ ಏಲಕ್ಕಿಯನ್ನು ಅಲ್ಲಿ ಹಸನು ಮಾಡಿ ಮಾರುತ್ತಿದ್ದರು, ಅಲ್ಲಿಯ ಏಲಕ್ಕಿ ಹಾರಗಳು ಇಂದಿಗೂ ಸನ್ಮಾನಿತರ ಕೊರಳನ್ನು ಅಲಂಕರಿಸುತ್ತವೆ. ಒಂದು ಚಿಟಿಕೆಗಿಂತ ಕಡಿಮೆ ಏಲಕ್ಕಿ ಪುಡಿ ರಾಗಿ ಗಂಜಿಗೆ ಕಂಪನ್ನು ತರುತ್ತದೆ. ಅನ್ನ-ಬೇಳೆಗೆ ಹುರಿದ ಜೀರಿಗೆಯ ಪುಡಿ, ಒಂದಿಷ್ಟು ತುಪ್ಪ ಸಾಕು. ತುಪ್ಪ ರುಚಿಯನ್ನಷ್ಟೇ ಅಲ್ಲ, ಚಿಕ್ಕ ಬಟ್ಟಲಿಗೆ ಹೆಚ್ಚಿನ ಶಕ್ತಿಯನ್ನೂ ತರುತ್ತದೆ.

ರುಚಿಯ ಶಿಕ್ಷಣ ಅನ್ನಪ್ರಾಶನದಿಂದ ಮೊದಲಾಗುವುದಲ್ಲ. ಅದಕ್ಕೂ ಮುಂಚೆಯೇ ಆರಂಭವಾಗಿರುತ್ತದೆ. ಅಮೆರಿಕದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಸಿರಿನಲ್ಲಿ ಇಲ್ಲವೆ ಹಾಲೂಡಿಸುವ ಕಾಲದಲ್ಲಿ ಗಜ್ಜರಿಯ ರಸ ಕುಡಿದ ತಾಯಂದಿರ ಕೂಸುಗಳು, ಮುಂದೆ ಗಜ್ಜರಿ ಬೆರೆತ ಗಂಜಿಗೆ ಉಳಿದ ಕೂಸುಗಳಷ್ಟು ಮುಖ ಸಿಂಡರಿಸಲಿಲ್ಲ. ತಾಯಿ ಉಂಡ ಊಟದ ಪರಿಮಳ ಅವಳ ಹಾಲಿನಲ್ಲಿಯೂ ಇಳಿಯುತ್ತದೆ. ಒಂದು ಪದಾರ್ಥವನ್ನು ಕೂಸು ಮೊದಲ ಸಲ ಉಗುಳಿತೆಂದು ಕೈಬಿಡಬಾರದು. ಎಂಟು ಹತ್ತು ಸಲ, ಒತ್ತಾಯವಿಲ್ಲದೆ, ಬೇರೆ ಬೇರೆ ದಿನ ಕೊಟ್ಟರೆ ಒಲ್ಲದುದೂ ಒಗ್ಗುತ್ತದೆ. ಅಕ್ಷರವನ್ನು ಎಷ್ಟು ಸಲ ತಿದ್ದಿ ಕಲಿತೆವೆಂಬುದನ್ನು ನೆನೆದರೆ ಕೂಸಿನ ಮೇಲೆ ಸಿಟ್ಟು ಬಾರದು.

ಬ್ಯಾಡಗಿಯ ಮೆಣಸಿನಕಾಯಿಯಾದರೋ ಬಣ್ಣಕ್ಕೆ ಹೆಸರಾದುದು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಆದರೂ ಕೂಸಿನ ಬಟ್ಟಲಿಗೆ ಅದು ಸಲ್ಲದು. ಅದರ ಸರದಿ ಮುಂದೆ ಬರಲಿದೆ. ಅಂದು ಸಂಜೆ ಹುಡುಗಿಯ ತಾಯಿ ಪೇಟೆಯಿಂದ ಮರಳಿದಾಗ ಕಂಡ ದೃಶ್ಯ ನನ್ನ ಕಣ್ಣಿಗೆ ಕಟ್ಟಿದೆ. ಅವ್ವನನ್ನು ಕಂಡ ಕೂಸು ಎರಡೂ ತೋಳು ಚಾಚಿ ಅತ್ತಿತು. ಆಕೆ ಎತ್ತಿಕೊಳ್ಳಲಿಲ್ಲ. ನೇರವಾಗಿ ಹಿತ್ತಲಿಗೆ ಹೋಗಿ, ಕೈಗಳಿಗೆ ಎಣ್ಣೆ ತಿಕ್ಕಿ, ಸಾಬೂನಿನಿಂದ ಎರಡು ಮೂರು ಸಲ ತೊಳೆದು, ಸೀರೆ ಬದಲಿಸಿ ಬಂದು ಆಮೇಲೆ ಮಗನನ್ನು ಎದೆಗೊತ್ತಿಕೊಂಡಳು. ಖಾರದ ಅಂಶ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಯಾವ ಪುಸ್ತಕವನ್ನೂ ಓದದೆ ಆಕೆ ಅದನ್ನು ತಿಳಿದಿದ್ದಳು. ದಿನವೆಲ್ಲ ದುಡಿದು ಬಂದು, ಅಳುವ ಮಗನನ್ನು ಮುಟ್ಟದೆ ಕೈ ತೊಳೆಯುತ್ತ ನಿಂತ ಆ ನಾಲ್ಕು ನಿಮಿಷಗಳ ಕಷ್ಟವನ್ನು ಅಳೆಯುವ ಮಾನ ನಮ್ಮಲ್ಲಿಲ್ಲ. ಅವಳ ಮಗಳನ್ನು ಸೋಮಾರಿಯೆಂದು ಕರೆದ ನನಗೆ ನಾಚಿಕೆಯಾಯಿತು.

ಶುಚಿಯ ವಿಷಯದಲ್ಲಿ ಒಂದೆರಡು ಮಾತು ಅಗತ್ಯ. ಸೀಸೆಯ ಮೂಲೆಗಳನ್ನು, ಅದರ ರಬ್ಬರಿನ ತೊಟ್ಟನ್ನು ಪೂರ್ತಿ ತೊಳೆಯುವುದು ಕಷ್ಟ. ಅಲ್ಲಿ ಉಳಿದ ಅಂಟು ರೋಗಾಣುಗಳಿಗೆ ಮನೆಯಾಗುತ್ತದೆ. ಬಟ್ಟಲು, ಚಮಚ ಅಥವಾ ಹಿಂದಿನವರ ಒಳಲೆಯನ್ನು ತಿಕ್ಕಿ ತೊಳೆದು ಕುದಿಯುವ ನೀರಿನಲ್ಲಿ ಅದ್ದಬಹುದು. ಸೀಸೆಗಳ ಹಾಗೂ ಎರಡು ವರ್ಷದೊಳಗಿನ ಕೂಸುಗಳ ಸಿದ್ಧ ಆಹಾರದ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆ ಮತ್ತು ಅದಕ್ಕೆ 2003ರಲ್ಲಿ ಆದ ತಿದ್ದುಪಡಿ ನಿಷೇಧಿಸಿವೆ. ಮಾಡಿದ ಗಂಜಿಯನ್ನು ಬಿಸಿ ಆರುತ್ತಲೇ ಉಣಿಸಬೇಕು. ಬೆಳಗಿನದನ್ನು ಸಂಜೆಗೆ ಇಡಬಾರದು. ಉಣಿಸುವವರ ಕೈ ಸಾಬೂನಿನಿಂದ ತೊಳೆದುದಾಗಿರಬೇಕು. ಕೂಸಿಗೆ ಭೇದಿ ಹತ್ತಿದರೆ, ತೂಕ ಏರದಿದ್ದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಸೋಮವಾರದಿಂದ ಆ ಹುಡುಗಿ ಶಾಲೆಗೆ ಬಂದಳು. ಕೂಸು ಅಜ್ಜಿಯ ಬಳಿ ಇರುತ್ತಿತ್ತು. ನಸುಕಿನಲ್ಲಿ ತಾಯಿ, ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ, ಸಂಜೆ ಮತ್ತೆ ತಾಯಿ ಹೊಸದಾಗಿ ಗಂಜಿ ಕಾಯಿಸಿ ಉಣಿಸುವುದೆಂದು ಗೊತ್ತುಮಾಡಿದೆವು. ಬಿಡುವು ಮುಗಿದ ಮೇಲೆ ಅರ್ಧ ಗಂಟೆ ತಡವಾಗಿ ಬರಲು ಅವಳಿಗೆ ಅನುಮತಿ ಕೊಟ್ಟೆ. ಅವಳು ಹತ್ತು ನಿಮಿಷಕ್ಕಿಂತ ಹೆಚ್ಚು ತಡಮಾಡಲಿಲ್ಲ. ಯುಗಾದಿ ಕಳೆಯುವಷ್ಟರಲ್ಲಿ ಕೂಸಿನ ಕೆನ್ನೆ ತುಂಬಿತು. ತೂಕದ ಚೀಟಿಯಲ್ಲಿ ಗೆರೆ ಮೇಲೆ ಹೋಯಿತು. ಹುಡುಗಿಯೂ ತೇರ್ಗಡೆಯಾದಳು. ಫಲಿತಾಂಶದ ದಿನ ನಾನು ತರಗತಿಯ ಮುಂದೆ ನಿಂತು, ಹಿಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಒಂದು ಕೂಸು ಇದ್ದೇ ಇರುತ್ತದೆ. ಅದಕ್ಕೆ ಉಣಿಸುವುದು ಹೆಣ್ಣುಮಕ್ಕಳ ಕೆಲಸವೆಂದು ಹುಡುಗರು ಎದ್ದು ಹೋಗಬಾರದು. ಚಮಚ ಹಿಡಿಯುವ ಕೈಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಬಟ್ಟಲನ್ನು ಒಮ್ಮೆ ಬಾಗಿಸಿ ನೋಡಿರಿ. ಗಂಜಿ ನೀರಿನಂತೆ ಹರಿದರೆ, ಅದರ ಕಾರಣವೂ ಪರಿಹಾರವೂ ಈಗ ನಿಮಗೆ ತಿಳಿದಿವೆ. ಕೇಳಲಾರದವರ ಹಸಿವನ್ನು ಅರಿಯುವುದು ಎಲ್ಲ ವಿದ್ಯೆಗಳಿಗಿಂತ ಮೊದಲಿನ ವಿದ್ಯೆ.

ಶಬ್ದಾರ್ಥ

ಪಡಸಾಲೆ – ಮನೆಯ ಮುಂಭಾಗದ ಹಜಾರ
ಪಿಷ್ಟ – ಧಾನ್ಯಗಳಲ್ಲಿರುವ ಹಿಟ್ಟಿನ ಅಂಶ, ಗಂಜಿ ಅಂಶ
ಕಿಣ್ವ – ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತು
ಬುತ್ತಿ – ದಾರಿಗೆಂದು ಕಟ್ಟಿಕೊಂಡ ಆಹಾರ
ಒಳಲೆ – ಕೂಸಿಗೆ ಹಾಲು, ಔಷಧ ಕುಡಿಸುವ ಚಿಕ್ಕ ಪಾತ್ರೆ
ತತ್ತಿ – ಮೊಟ್ಟೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪೂರಕ ಆಹಾರವನ್ನು ಯಾವಾಗ ಆರಂಭಿಸಬೇಕು?
2. ವರ್ಷ ತುಂಬದ ಕೂಸಿಗೆ ಜೇನನ್ನು ಏಕೆ ಕೊಡಬಾರದು?
3. ಮೊಳಕೆ ಬರಿಸಲು ಜೋಳಕ್ಕಿಂತ ರಾಗಿ ಏಕೆ ಮೇಲು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹೊಟ್ಟೆ ತುಂಬಿದರೂ ಕೂಸು ಸೊರಗಲು ಕಾರಣವೇನು? ಲೆಕ್ಕದೊಡನೆ ವಿವರಿಸಿರಿ.
2. ಮೊಳಕೆಯ ಹಿಟ್ಟು ಗಟ್ಟಿ ಗಂಜಿಯನ್ನು ತೆಳುವಾಗಿಸುವುದು ಹೇಗೆ?
3. ಲೇಖಕಿಗೆ ನಾಚಿಕೆಯಾದ ಸಂದರ್ಭವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.

ಇ) ಸಂದರ್ಭ ಸೂಚಿಸಿ ವಿವರಿಸಿರಿ.
1. "ಆದ್ರೂ ಕೂಸು ಮೈ ಹಿಡಿಯವಲ್ದು."
2. "ನಿನಗೂ ಅದನ್ನ ಉಣಿಸಿ ಬೆಳಸೀನಿ."

ಈ) ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಕೂಸುಗಳಿಗೆ ಮಾಡುತ್ತಿದ್ದ ಆಹಾರದ ಕ್ರಮವನ್ನು ಬರೆಯಿರಿ. ಈ ಪಾಠದ ಬೆಳಕಿನಲ್ಲಿ ಅದರಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದು, ಬಿಡಬೇಕಾದುದು ಯಾವುದು ಎಂದು ವಿಚಾರಿಸಿರಿ.